ಅಚ್ಚಾದ ಮೇಲೆ ತಪ್ಪು ಸಿಕ್ಕರೆ?

ವಿಜ್ಞಾನಿಗಳು ತಾವು ಕಂಡುಹಿಡಿದದ್ದನ್ನು ಸಂಶೋಧನಾ ಪತ್ರಿಕೆಗಳಿಗೆ ಬರೆದು ಕಳಿಸುತ್ತಾರೆ. ಆ ವಿಷಯ ತಿಳಿದ ಬೇರೆ ವಿಜ್ಞಾನಿಗಳು ಓದಿ ನೋಡಿದ ಮೇಲೆ ಅದು ಅಚ್ಚಾಗುತ್ತದೆ. ಆದರೂ ತಪ್ಪು ನುಸುಳುತ್ತದೆ. ಆಗ ಏನು ಮಾಡ್ತಾರೆ ಗೊತ್ತಾ?

ಒಂದು ಅಂಕಿಯೋ ಹೆಸರೋ ತಪ್ಪಿದ್ದರೆ 'ತಿದ್ದುಪಡಿ' ಅಂತ ಹಾಕುತ್ತಾರೆ. ಇಡೀ ಲೇಖನವೇ ನಂಬುವಂತಿಲ್ಲ ಎಂದಾದರೆ ವಾಪಸು ಪಡೆಯುತ್ತಾರೆ. ಹಾಗಂತ ಹರಿದು ಬಿಸಾಡುವುದಿಲ್ಲ! ಹಾಜರಿ ಪುಸ್ತಕದಲ್ಲಿ ಮೇಷ್ಟ್ರು ತಪ್ಪನ್ನು ಅಳಿಸದೆ, ಗೆರೆ ಎಳೆದು ಪಕ್ಕದಲ್ಲಿ ಸಹಿ ಹಾಕುತ್ತಾರಲ್ಲ, ಹಾಗೆ. ಹಳೆಯದು ಕಾಣುತ್ತಿರಬೇಕು, ಅದರ ಮೇಲೆ 'ವಾಪಸು ಪಡೆದಿದೆ' ಎಂದೂ ಇರಬೇಕು. ಏಕೆಂದರೆ ಅದನ್ನು ನಂಬಿ ಬೇರೆಯವರು ಮುಂದಿನ ಕೆಲಸ ಮಾಡಿರುತ್ತಾರೆ. ಅವರಿಗೆ ತಿಳಿಯಬೇಕಲ್ಲ.

ಲಂಡನ್ನಿನ 'ಲ್ಯಾನ್ಸೆಟ್' 1823ರಲ್ಲಿ ಶುರುವಾದ ದೊಡ್ಡ ವೈದ್ಯಕೀಯ ಪತ್ರಿಕೆ. 1998ರ ಫೆಬ್ರವರಿಯಲ್ಲಿ ಅದರಲ್ಲಿ ಆಂಡ್ರ್ಯೂ ವೇಕ್‌ಫೀಲ್ಡ್ ಮತ್ತು ಸಂಗಡಿಗರ ಲೇಖನ ಬಂತು. ದಡಾರ, ಮಂಗಬಾವು, ರುಬೆಲ್ಲಾ ಮೂರಕ್ಕೂ ಸೇರಿಸಿ ಕೊಡುವ ಲಸಿಕೆಗೂ ಆಟಿಸಂ ಎಂಬ ತೊಂದರೆಗೂ ಸಂಬಂಧ ಇರಬಹುದು ಎಂಬ ಭಯ ಅದರಿಂದ ಹುಟ್ಟಿತು. ಅವರು ನೋಡಿದ್ದು ಎಷ್ಟು ಮಕ್ಕಳನ್ನು? ಬರೀ 12! ತಂದೆತಾಯಿಗಳು ಹೆದರಿದರು. ಇಂಗ್ಲೆಂಡಿನಲ್ಲಿ ನೂರಕ್ಕೆ ಸುಮಾರು 92 ಮಕ್ಕಳು ಹಾಕಿಸಿಕೊಳ್ಳುತ್ತಿದ್ದ ಲಸಿಕೆ ಕೆಲವೇ ವರ್ಷಗಳಲ್ಲಿ 80ಕ್ಕೆ ಇಳಿಯಿತು. 2006ರಲ್ಲಿ ಅಲ್ಲಿ ದಡಾರದಿಂದ ಒಬ್ಬ ಹುಡುಗ ತೀರಿಕೊಂಡ. ಅವನಿಗೂ ನನ್ನ ಹಾಗೆ 13 ವರ್ಷ. 1992ರಿಂದೀಚೆಗೆ ಆ ದೇಶದಲ್ಲಿ ದಡಾರಕ್ಕೆ ಹಾಗೆ ಯಾರೂ ಬಲಿಯಾಗಿರಲಿಲ್ಲ.

ಈ ನಡುವೆ 2002ರಲ್ಲಿ ಡೆನ್ಮಾರ್ಕಿನವರು 5 ಲಕ್ಷ 37 ಸಾವಿರ ಮಕ್ಕಳ ಲೆಕ್ಕ ತೆಗೆದು ನೋಡಿದರು. ಲಸಿಕೆಗೂ ಆಟಿಸಂಗೂ ಸಂಬಂಧ ಕಾಣಲಿಲ್ಲ. 2004ರಲ್ಲಿ ಬ್ರಯಾನ್ ಡೀರ್ ಎಂಬ ಪತ್ರಕರ್ತ ಇನ್ನೊಂದು ಸಂಗತಿ ಹೊರಗೆಳೆದರು. ಲಸಿಕೆ ಕಂಪನಿಗಳ ಮೇಲೆ ದಾವೆ ಹೂಡಲು ಹೊರಟಿದ್ದ ವಕೀಲರಿಂದ ವೇಕ್‌ಫೀಲ್ಡ್‌ಗೆ ಹಣ ಬಂದಿತ್ತಂತೆ, ಅದನ್ನು ಲೇಖನದಲ್ಲಿ ಹೇಳಿಯೇ ಇರಲಿಲ್ಲ. ಆಗ ಲೇಖನ ಬರೆದ 13 ಜನರಲ್ಲಿ 10 ಜನ 'ನಾವು ಹೇಳಿದ ಅರ್ಥ ವಾಪಸು' ಎಂದರು. ಇಡೀ ಲೇಖನವನ್ನು ಪತ್ರಿಕೆ ವಾಪಸು ಪಡೆದದ್ದು ಮಾತ್ರ 2010ರ ಫೆಬ್ರವರಿಯಲ್ಲಿ. ಅದೇ ವರ್ಷ ವೇಕ್‌ಫೀಲ್ಡ್ ಹೆಸರನ್ನು ಅಲ್ಲಿನ ವೈದ್ಯರ ಪಟ್ಟಿಯಿಂದ ತೆಗೆದರು. ಇವತ್ತಿಗೂ ಆ ಲೇಖನ ಓದಲು ಸಿಗುತ್ತದೆ, ಮೇಲೆ ಕೆಂಪು ಅಕ್ಷರದಲ್ಲಿ 'ವಾಪಸು' ಎಂಬ ಇಂಗ್ಲಿಷ್ ಮುದ್ರೆ ಇದೆ.

ಹನ್ನೆರಡು ವರ್ಷ ಬಹಳ ಹೆಚ್ಚಾಯಿತು ಅನ್ನಿಸುತ್ತೆ ನನಗೆ. ವದಂತಿ ಅಷ್ಟು ಹೊತ್ತು ಕಾಯುತ್ತಾ? 2017ರಲ್ಲಿ ನಮ್ಮ ಕರ್ನಾಟಕದ ಶಾಲೆಗಳಲ್ಲೂ ದಡಾರ-ರುಬೆಲ್ಲಾ ಚುಚ್ಚುಮದ್ದು ಹಾಕಿದರು, ಆಗಲೂ ಇಲ್ಲಸಲ್ಲದ ಸುದ್ದಿ ಹಬ್ಬಿತ್ತು.

ಅದೇ ಲ್ಯಾನ್ಸೆಟ್ 2020ರಲ್ಲಿ ಬೇಗ ಎಚ್ಚೆತ್ತಿತು. ಕೊರೋನಾ ಔಷಧಿಯೊಂದರ ಬಗ್ಗೆ ಮೇ 22ಕ್ಕೆ ಲೇಖನ ಬಂತು. ರೋಗಿಗಳ ಮೂಲ ಲೆಕ್ಕ ತೋರಿಸಿ ಅಂದರೆ ಲೆಕ್ಕ ಇಟ್ಟಿದ್ದ ಕಂಪನಿ ತೋರಿಸಲಿಲ್ಲ. ಬರೆದ ನಾಲ್ವರಲ್ಲಿ ಮೂವರು ತಾವಾಗಿಯೇ ಮುಂದೆ ಬಂದು ಜೂನ್ 4ಕ್ಕೆ, 13ನೇ ದಿನವೇ, ಲೇಖನ ವಾಪಸು ಪಡೆದರು.