ಅಂಕಿಗೂ ಮೂಲಪತ್ರ ಬೇಕು

ನಿವೇಶನವನ್ನು ಕೊಳ್ಳುವವರು ಮಾರುವವನ ಮಾತನ್ನೇ ನಂಬಿ ಮುಂಗಡ ಕೊಡುವುದಿಲ್ಲ. ಮೂಲಪತ್ರಗಳನ್ನು ತರಿಸಿ, ಸ್ವತ್ತು ಯಾರಿಂದ ಯಾರಿಗೆ ಬಂದಿತೆಂದು ವಕೀಲರಿಂದ ನೋಡಿಸುತ್ತಾರೆ. ಗಣಕಯಂತ್ರವು ಕೊಡುವ ಅಂಕಿಗೂ ಇಂತಹ ಮೂಲಪತ್ರ ಬೇಕೆಂದರೆ ವಾಚಕರಿಗೆ ಸೋಜಿಗವೆನಿಸೀತು. ಅದರ ಅಗತ್ಯವನ್ನು ಪಾವಗಡದ ಕಡಲೆಕಾಯಿ ಹೊಲವು ಚೆನ್ನಾಗಿ ತೋರಿಸಿಕೊಡುತ್ತದೆ.

ತುಮಕೂರು ಜಿಲ್ಲೆಯ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡಗಳಲ್ಲಿ ಖುಷ್ಕಿ ಬೇಸಾಯವೆಲ್ಲ ಮುಗಿಲನ್ನೇ ನಂಬಿದೆ. ಬಿತ್ತನೆಯ ಹದ ತಪ್ಪಿದರೆ ಬೀಜದ ಹಣವೂ ಮಣ್ಣುಪಾಲು. ಹಾಗಾದರೆ ಬಿತ್ತುವುದೆಂದು? ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸುಲೋಚನಾ ಗಾಡ್ಗೀಳ್, ಪಿ. ಆರ್. ಶೇಷಗಿರಿರಾವ್ ಮೊದಲಾದವರು ಇದಕ್ಕೆ ಉತ್ತರವನ್ನು ಗಣಕದಲ್ಲಿ ಹುಡುಕಿದರು. ಅಮೆರಿಕದ ಫ್ಲಾರಿಡಾ ವಿಶ್ವವಿದ್ಯಾಲಯದಲ್ಲಿ ರೂಪುಗೊಂಡ ‘ಪಿನಟ್‌ಗ್ರೋ’ ಎಂಬ ಲೆಕ್ಕದ ಮಾದರಿಯಲ್ಲಿ ಹಳೆಯ ವರ್ಷಗಳ ಮಳೆಯನ್ನು ಸುರಿಸಿ, ಬೇರೆ ಬೇರೆ ದಿನ ಬಿತ್ತಿ, ಇಳುವರಿಯನ್ನು ಎಣಿಸಿದರು. ಪಾವಗಡ-ಅನಂತಪುರ ಸೀಮೆಯನ್ನು ಕುರಿತ ಅವರ ಪ್ರಬಂಧ 1999ರಲ್ಲಿ ‘ಕರೆಂಟ್ ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟವಾಯಿತು.

ಇಂತಹ ಬೆಳೆಯನ್ನು ಯಾರೂ ಕಣದಲ್ಲಿ ತೂಗಲಾರರು. ಉತ್ತರವನ್ನು ಒರೆಗೆ ಹಚ್ಚಬೇಕಾದರೆ ಅದು ಬಂದ ದಾರಿಯನ್ನು ಹಿಡಿದು ಹಿಂದಕ್ಕೆ ನಡೆಯಬೇಕು. ಆ ದಾರಿಯಲ್ಲಿ ಹಳ್ಳತಿಟ್ಟುಗಳುಂಟು. ಹವಾಮಾನ ಇಲಾಖೆಯ ಪದ್ಧತಿಯಲ್ಲಿ ಬೆಳಿಗ್ಗೆ 8-30ಕ್ಕೆ ಅಳೆದ ಮಳೆಯನ್ನು ಅದೇ ತಾರೀಖಿಗೆ ಬರೆಯುತ್ತಾರೆ. ಅದು ಸುರಿದದ್ದು ಹಿಂದಿನ 24 ಗಂಟೆಗಳಲ್ಲಿ. ಇದನ್ನರಿಯದವನ ಲೆಕ್ಕದಲ್ಲಿ ಮಳೆ ಒಂದು ದಿನ ತಡವಾಗಿ ಬರುತ್ತದೆ. ಅಳೆಯದೆ ಬಿಟ್ಟ ದಿನದ ಖಾಲಿ ಮನೆಗೆ ಸೊನ್ನೆ ತುಂಬಿದರೆ ಯಂತ್ರದೊಳಗಿನ ಗಿಡ ಸುಮ್ಮನೆ ಬಾಡುತ್ತದೆ. ಕೊರಟಗೆರೆಯ ಮಳೆಯನ್ನು ಪಾವಗಡಕ್ಕೆ ಹಚ್ಚಿದರೆ ಫಲಿತಾಂಶವೇ ಬೇರೆ. ಹಳೆಯ ಕಡತಗಳಲ್ಲಿ ಮಧುಗಿರಿಯನ್ನು ಹುಡುಕುವವನಿಗೆ ‘ಮದ್ದಗಿರಿ’ ಎಂಬ ಹೆಸರೂ ಗೊತ್ತಿರಬೇಕು!

ಆದುದರಿಂದ ಯಾವ ಮಳೆಮಾಪಕ, ಯಾವ ತಳಿ, ಎಂತಹ ಮಣ್ಣು, ಮಾದರಿಯ ಎಷ್ಟನೆಯ ಆವೃತ್ತಿ, ತಿದ್ದಿದವರು ಯಾರು ಎಂಬುದೆಲ್ಲ ಉತ್ತರದೊಡನೆ ದಾಖಲಾಗಬೇಕು. ಹೀಗೆ ಬರೆದಿಡಲು 2013ರಲ್ಲಿ ‘ಪ್ರೋವ್’ ಎಂಬ ಅಂತರರಾಷ್ಟ್ರೀಯ ಕ್ರಮವೇ ಸಿದ್ಧವಾಯಿತು. ನಮ್ಮ ವ್ಯಾಕರಣದ ಕರ್ತೃ, ಕರ್ಮ, ಕ್ರಿಯೆಗಳಂತೆ ಅದರಲ್ಲಿಯೂ ಮೂರು ಅಂಗಗಳು: ಮಾಡಿದವರು, ದತ್ತಾಂಶ, ಮಾಡಿದ ಕೆಲಸ.

ಮೂಲಪತ್ರವಿದ್ದ ಮಾತ್ರಕ್ಕೆ ತಪ್ಪು ಅಂಕಿ ಸರಿಯಾಗದು, ನಿಜ. ಆದರೆ ತಪ್ಪೆಲ್ಲಿ ಎಂಬುದನ್ನು ಮತ್ತೊಬ್ಬರು ಕಂಡುಹಿಡಿಯಬಲ್ಲರು. ಗಣಕದಲ್ಲಿ ಬಿತ್ತನೆ ಕೆಟ್ಟರೆ ಮರುಗಳಿಗೆಯಲ್ಲೇ ಮತ್ತೆ ಬಿತ್ತಬಹುದು. ಪಾವಗಡದ ರೈತನು ಮತ್ತೊಂದು ಮುಂಗಾರಿಗಾಗಿ ಕಾಯಬೇಕು.