ಓಣಿ ಒಂದು, ಹಬ್ಬದ ಹೆಸರು ಎರಡು

ನಿಪ್ಪಾಣಿಯ ಓಣಿ. ಚೈತ್ರ ಶುದ್ಧ ಪಾಡ್ಯದ ಮುಂಜಾನೆ. ಒಂದು ಬಾಗಿಲಿಗೆ ಮಾವಿನ ತೋರಣ, ಬಾಜೂ ಮನಿ ಮ್ಯಾಲ ಗುಡಿ: ಬಿದಿರಿನ ಕೋಲಿಗೆ ಹೊಸ ಸೀರಿ, ಬೇವಿನ ಟೊಂಗಿ, ಸಕ್ಕರಿ ಸರ, ತುದಿಗೆ ಬೋರಲು ಹಾಕಿದ ತಾಮ್ರದ ತಂಬಿಗಿ.

ಇವರಿಗೆ ಯುಗಾದಿ, ಅವರಿಗೆ ಗುಡಿ ಪಾಡವಾ. ಎರಡೂ ಮನಿಗೆ ಶಾಲಿವಾಹನ ಶಕೆಯ ಹೊಸ ವರ್ಷ. 2026ರಾಗ ಅದು ಮಾರ್ಚ್ 19. ಗಡಿಯ ಕಾಗವಾಡದ ಈಚೆ ಕರ್ನಾಟಕ, ಆಚೆ ಮಿರಜ್, ಮಹಾರಾಷ್ಟ್ರ. ಅಲ್ಲೂ ಇಲ್ಲೂ ಅವತ್ತು ಸರ್ಕಾರಿ ರಜೆ.

ಆದ್ರ ಹಬ್ಬದ ಜೀವ ಅಡಿಗಿಮನಿಯಾಗ ಐತಿ. ದಕ್ಷಿಣದ ಕಡೆ ಬೇವು-ಬೆಲ್ಲ ಚಿಟಿಕಿಯಷ್ಟ ತಿಂತಾರ. ನಮ್ಮ ಕಡೆ ಬೇವು ಕುಡೀತಾರ! ಬೆಲ್ಲದ ನೀರು, ಹುಣಸಿ ರಸ, ಪುಟಾಣಿ ಹಿಟ್ಟು, ಮಾವಿನಕಾಯಿ ತುರಿ, ಮ್ಯಾಲ ಬೇವಿನ ಹೂವು. ನನಗಂತೂ ಹೋಳಿಗಿಗಿಂತ ಇದ ಮೊದಲು.

ಹೊತ್ತು ಮುಳುಗೂದ್ರಾಗ ಗುಡಿ ಇಳಿಸ್ತಾರ. ಸಕ್ಕರಿ ಸರ ಓಣಿ ಹುಡುಗರ ಪಾಲು.