ಕೊನೆಯ ದಿನಗಳ ಆಸರೆಗೆ ಸಮುದಾಯದ ಹನಿಗೂಡಿಕೆ

ಸಂತ ಲೂಕನ ಶುಭಸಂದೇಶದಲ್ಲಿ ಬರುವ ದಯಾಳು ಸಮಾರಿಯದವನ ಸಾಮತಿ ನಮಗೆಲ್ಲ ಚಿರಪರಿಚಿತ. ದಾರಿಯಲ್ಲಿ ಬಿದ್ದವನ ಗಾಯಗಳಿಗೆ ಆತ ಎಣ್ಣೆ, ದ್ರಾಕ್ಷಾರಸ ಸುರಿದು ಕಟ್ಟಿದುದನ್ನು ನಾವು ನೆನೆಯುತ್ತೇವೆ. ಆದರೆ ಮರುದಿನ ಛತ್ರದವನ ಕೈಗೆ ಎರಡು ಬೆಳ್ಳಿ ನಾಣ್ಯಗಳನ್ನಿತ್ತು, ಹೆಚ್ಚಿನ ಖರ್ಚನ್ನು ಹಿಂದಿರುಗಿ ಬಂದಾಗ ತೀರಿಸುವೆನೆಂದು ಮಾತು ಕೊಟ್ಟುದನ್ನು ಅಷ್ಟಾಗಿ ಗಮನಿಸುವುದಿಲ್ಲ. ಕರುಣೆಗೂ ಖರ್ಚುಂಟು. ಅದನ್ನು ಯಾರಾದರೂ ಹೊರಲೇಬೇಕು.

ಗೋಕಾಕ, ಮೂಡಲಗಿ, ಹುಕ್ಕೇರಿ ಭಾಗದ ಹಳ್ಳಿಯೊಂದರಲ್ಲಿ ಮನೆಯ ಹಿರಿಯರಿಗೆ ಕ್ಯಾನ್ಸರ್ ತಗುಲಿತೆನ್ನಿ. ಬೆಳಗಾವಿ, ಮಿರಜ, ಹುಬ್ಬಳ್ಳಿಗಳ ಅಲೆದಾಟ ಆರಂಭವಾಗುತ್ತದೆ. ಎಮ್ಮೆ ಮಾರಿದ್ದಾಯಿತು, ಬರಲಿರುವ ಕಬ್ಬಿನ ಬಿಲ್ಲಿನ ಮೇಲೆ ಸಾಲ ಎತ್ತಿದ್ದಾಯಿತು. ಕಡೆಗೊಂದು ದಿನ ವೈದ್ಯರು, "ಇನ್ನು ಮನೆಗೆ ಕರೆದೊಯ್ಯಿರಿ" ಎನ್ನುತ್ತಾರೆ. ನಿಜವಾದ ಪರೀಕ್ಷೆ ಅಲ್ಲಿಂದಲೇ ಮೊದಲು. ನೋವು, ಕೀವು, ನಿದ್ದೆಯಿಲ್ಲದ ರಾತ್ರಿಗಳು! ಗುಣಪಡಿಸಲಾಗದೆಂದರೆ ಮಾಡಲು ಏನೂ ಉಳಿದಿಲ್ಲವೆಂದು ಅರ್ಥವೇ?

ಅಲ್ಲವೆಂಬುದೇ ಹಾಸ್ಪೀಸ್ ಸೇವೆಯ ಮೂಲತತ್ತ್ವ. 1967ರಲ್ಲಿ ಡೇಮ್ ಸಿಸಿಲಿ ಸಾಂಡರ್ಸ್ ಲಂಡನ್ನಿನಲ್ಲಿ ಆರಂಭಿಸಿದ ಸಂತ ಕ್ರಿಸ್ಟೋಫರ್ ಹಾಸ್ಪೀಸ್ ಇದಕ್ಕೆ ಆಧುನಿಕ ರೂಪ ನೀಡಿತು. ಭಾರತದ ಮೊದಲ ಹಾಸ್ಪೀಸ್ ಆದ ಶಾಂತಿ ಅವೇದನಾ ಸದನವನ್ನು ಶಸ್ತ್ರವೈದ್ಯ ಡಾ. ಎಲ್. ಜೆ. ಡಿಸೋಜ ಅವರು 1986ರಲ್ಲಿ ಮುಂಬಯಿಯ ಬಾಂದ್ರಾದಲ್ಲಿ ಸ್ಥಾಪಿಸಿದರು. ಅಲ್ಲಿ ಧರ್ಮಭಗಿನಿಯರು ರೋಗಿಗಳ ಶುಶ್ರೂಷೆಗೆ ನಿಂತರು. ನಮ್ಮ ನೆರೆಯ ಗೋವೆಯಲ್ಲಿಯೂ ಅದರ ಶಾಖೆಯಿದೆ. ಕರ್ನಾಟಕದಲ್ಲಿ ಭಾರತೀಯ ಕ್ಯಾನ್ಸರ್ ಸೊಸೈಟಿ ಹಾಗೂ ಇಂದಿರಾನಗರ ರೋಟರಿ ಕ್ಲಬ್ಬಿನ ಆಶ್ರಯದಲ್ಲಿ 1994ರಲ್ಲಿ ರೂಪುಗೊಂಡ ಬೆಂಗಳೂರು ಹಾಸ್ಪೀಸ್ ಟ್ರಸ್ಟ್, 1999ರಲ್ಲಿ 'ಕರುಣಾಶ್ರಯ'ವನ್ನು ತೆರೆಯಿತು. ಜಾತಿ, ಮತ, ಅಂತಸ್ತುಗಳ ಭೇದವಿಲ್ಲದೆ ಅಲ್ಲಿ ಆರೈಕೆ ಸಂಪೂರ್ಣ ಉಚಿತ.

ರೋಗಿಗೆ ಉಚಿತವೆಂದ ಮಾತ್ರಕ್ಕೆ ಸಂಸ್ಥೆಗೆ ಖರ್ಚಿಲ್ಲವೆಂದಲ್ಲ. ಇಲ್ಲಿ ದುಬಾರಿ ಯಂತ್ರಗಳು ಬೇಕಿಲ್ಲ. ನೋವು ನೀಗುವ ಮಾರ್ಫಿನ್ ಮಾತ್ರೆಯೂ ಅಗ್ಗವೇ. ಹೆಚ್ಚಿನ ಹಣ ಸಲ್ಲುವುದು ದಾದಿಯರ ಸಂಬಳಕ್ಕೆ, ಮನೆಮನೆಗೆ ಹೋಗುವ ವಾಹನಕ್ಕೆ, ಬ್ಯಾಂಡೇಜು, ಹಾಸಿಗೆ, ಊಟಗಳಿಗೆ. ಇವು ತಿಂಗಳು ತಿಂಗಳೂ ಮರಳಿ ಬರುವ ಖರ್ಚುಗಳು. ಕಟ್ಟಡ ಕಟ್ಟಿಸಿ ಗೋಡೆಗೆ ಹೆಸರಿನ ಕಲ್ಲು ಹಾಕಿಸುವ ದಾನಿಗಳು ದೊರೆತಾರು. ಆದರೆ ದಾದಿಯ ಹನ್ನೊಂದನೆಯ ತಿಂಗಳ ಸಂಬಳ ಕೊಡುವವರು ವಿರಳ. ಆದುದರಿಂದಲೇ ಒಬ್ಬ ಶ್ರೀಮಂತನ ಲಕ್ಷಕ್ಕಿಂತ ಸಾವಿರ ಮನೆಗಳ ನಿಯಮಿತ ನೂರು ರೂಪಾಯಿ ಇಂತಹ ಸೇವೆಗೆ ಹೆಚ್ಚು ಭದ್ರವಾದ ಬುನಾದಿ.

ಇದನ್ನು ಕೇರಳದವರು ಮಾಡಿ ತೋರಿಸಿದ್ದಾರೆ. 1993ರಲ್ಲಿ ಕೋಳಿಕ್ಕೋಡಿನಲ್ಲಿ ಡಾ. ಎಂ. ಆರ್. ರಾಜಗೋಪಾಲ್, ಡಾ. ಸುರೇಶ್ ಕುಮಾರ್ ಮೊದಲಾದವರು ಆರಂಭಿಸಿದ ಕಾರ್ಯ, ಕ್ರಮೇಣ ಮಲಪ್ಪುರಂ ಮುಂತಾದ ಜಿಲ್ಲೆಗಳ ಊರೂರಿಗೆ ಹಬ್ಬಿತು. ಅಂಗಡಿಗಳಲ್ಲಿ ಕಾಣಿಕೆ ಡಬ್ಬಿಗಳು ಬಂದವು. ವಿದ್ಯಾರ್ಥಿಗಳು, ಕೂಲಿಕಾರರು ಚಿಲ್ಲರೆ ಕೂಡಿಸಿದರು. ತರಬೇತಿ ಪಡೆದ ಊರವರೇ ದಾದಿಯೊಡನೆ ರೋಗಿಯ ಮನೆಗೆ ನಡೆದರು. 2008ರಲ್ಲಿ ಕೇರಳ ಸರ್ಕಾರ ಉಪಶಮನ ಆರೈಕೆಯ ನೀತಿಯನ್ನೇ ಪ್ರಕಟಿಸಿ, ಪಂಚಾಯಿತಿಗಳನ್ನು ಈ ಕಾರ್ಯದಲ್ಲಿ ಸೇರಿಸಿಕೊಂಡಿತು. ಜನ ಮೊದಲು ನಡೆದರು, ಸರ್ಕಾರ ಹಿಂಬಾಲಿಸಿತು.

ನಮ್ಮ ಭಾಗಕ್ಕೆ ಕೂಡಿ ಬಾಳುವುದೇನೂ ಹೊಸತಲ್ಲ. 1969ರಲ್ಲಿ ಹುಟ್ಟಿದ ಹುಕ್ಕೇರಿಯ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘ ಹಳ್ಳಿಗಳಿಗೆ ಬೆಳಕು ತಂದಿತು. ಸಂಕೇಶ್ವರದಲ್ಲಿ ರೈತರು ಕೂಡಿ ಸಕ್ಕರೆ ಕಾರ್ಖಾನೆ ಕಟ್ಟಿದರು. ಹನಿಗೂಡಿದರೆ ಹಳ್ಳ, ತೆನೆಗೂಡಿದರೆ ಬಳ್ಳ ಎಂಬ ನುಡಿ ನಮ್ಮದೇ. ಕಬ್ಬಿನ ಬಿಲ್ಲು ಕೈಸೇರುವ ಹಂಗಾಮಿನಲ್ಲಿ ಒಂದಿಷ್ಟು ತೆಗೆದಿಟ್ಟು ಠೇವಣಿಯಾಗಿರಿಸಿದರೆ ಬೇಸಗೆಯ ಬಿಗಿ ತಿಂಗಳುಗಳಿಗೆ ಅದು ಒದಗೀತು. ಹಣ ಕೊಡಲಾರದವರು ಜೋಳ, ಹಳೆಯ ಸೀರೆ, ವಾರಕ್ಕೊಂದು ಸಂಜೆಯ ಬಿಡುವು ಕೊಡಬಹುದು. ಒಂದು ನಿಯಮ ಮಾತ್ರ ತಪ್ಪಬಾರದು: ಬಂದುದೆಷ್ಟು, ಸಂದುದೆಷ್ಟು ಎಂಬ ಲೆಕ್ಕವನ್ನು ಎಲ್ಲರೆದುರು ಓದಬೇಕು. ನಂಬಿಕೆ ಕೆಟ್ಟ ದಿನ ಡಬ್ಬಿ ಬರಿದಾಗುತ್ತದೆ.

ಜಗದ್ಗುರು ಎರಡನೆಯ ಜಾನ್ ಪೌಲರು 1992ರಲ್ಲಿ ಘೋಷಿಸಿದ ವಿಶ್ವ ರೋಗಿಗಳ ದಿನವನ್ನು ಪ್ರತಿ ವರ್ಷ ಫೆಬ್ರುವರಿ 11ರಂದು ಆಚರಿಸುತ್ತೇವೆ. ಅಂದು ರೋಗಿಗಳಿಗಾಗಿ ಪ್ರಾರ್ಥಿಸುವ ನಾವು, ತಪಸ್ಸುಕಾಲದಲ್ಲಿ ಉಪವಾಸದಿಂದ ಉಳಿಸಿದುದನ್ನು ನೆರೆಮನೆಯ ರೋಗಿಗಾಗಿ ತೆಗೆದಿಡಲಾರೆವೇ? ಆ ರೋಗಿ ಯಾವ ಮತದವನೆಂದು ಸಮಾರಿಯದವನು ಕೇಳಲಿಲ್ಲ. ಛತ್ರದ ಬಾಕಿ ತೀರಿಸುವ ಸರದಿ ಈಗ ನಮ್ಮದು.